ಮಂಗನ ಕಾಯಿಲೆ

ಈ ರೋಗದ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲ ಹಳ್ಳಿಗರೂ ಜ್ವರಕ್ಕೆ ಬಲಿಯಾದಾಗ ಅಂಟಿದ ಹೆಸರಿದು. ವೈರಸ್ಸನ್ನು ಮನುಷ್ಯನಿಗೆ ದಾಟಿಸುವುದು ಮಾತ್ರ ಉಣುಗು, ಅದರಲ್ಲೂ ರಾಗಿಕಾಳಿನಷ್ಟೂ ಇಲ್ಲದ ಮರಿ ಉಣುಗು. ಮಲೆನಾಡಿನವರು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಡಿಸೆಂಬರ್‌–ಮೇ ಅವಧಿಯಲ್ಲೇ ಅದು ಒಣಗಿದೆಲೆಗಳ ನಡುವೆ ಕಾದಿರುತ್ತದೆ. ಹಾಗಾದರೆ ಮಂಗಕ್ಕೆ ಪಾತ್ರವೇ ಇಲ್ಲವೇ? ಇದೆ. ಸೋಂಕಿದ ಮಂಗದ ರಕ್ತದಲ್ಲಿ ವೈರಸ್ ಹೆಚ್ಚುತ್ತದೆ, ಸತ್ತ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ಅಪಾಯಕಾರಿಯಾಗಿಸುತ್ತವೆ. ಆದರೆ ಮಂಗಗಳನ್ನು ಓಡಿಸಿದರೂ ಇಲಿ, ದನಗಳ ರಕ್ತ ಹೀರುವ ಉಣುಗು ಉಳಿದೇ ಇರುತ್ತದೆ. ಸತ್ತ ಮಂಗ ಕೊಡುವ ಮುನ್ಸೂಚನೆಯಷ್ಟೇ ಕೈತಪ್ಪುತ್ತದೆ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಸೋಂಕಿತರಲ್ಲಿ ಶೇ. 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲ, ಹಳೆಯ ಲಸಿಕೆ ಪರಿಣಾಮ ಸಾಲದೆ ನಿಂತುಹೋಗಿದೆ. ಕಾಡಿಗೇ ಹೋಗಬೇಡಿ ಎನ್ನುವುದು ಸುಲಭ, ಆದರೆ ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಸೊಪ್ಪು ಬರುವುದು ಅಲ್ಲಿಂದಲೇ. ಆದ್ದರಿಂದ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ತೈಲ, ಮರಳಿದೊಡನೆ ಬಿಸಿನೀರಿನ ಸ್ನಾನ.