ಲೈನ್ ಮನೆಯ ಮಕ್ಕಳು

ಕೊಡಗಿನಲ್ಲಿ ಅಸ್ಸಾಮಿ ಕೂಲಿಯ ಮಗುವನ್ನು ಕಂಡರೆ 'ಹೊರಗಿನೋರು' ಅಂತಾರೆ. ಸರಿ, ಒಳಗಿನೋರು ಯಾರು? ಕಾಫಿಯೇ ಹೊರಗಿನಿಂದ ಬಂದ ಗಿಡ.

1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದರು. 1854ರಲ್ಲಿ ಮಡಿಕೇರಿ ಬಳಿ ಬಿಳಿಯರ ಕಾಫಿ ತೋಟ ಎದ್ದಿತು. ಕಾಡು ಕಡಿಯೋಕೆ, ಗುಂಡಿ ತೋಡೋಕೆ ಕೈಗಳು ಬೇಕಾದವು. ಮೇಸ್ತ್ರಿಗಳು ಮುಂಗಡ ಕೊಟ್ಟು ಮೈಸೂರು ಸೀಮೆಯಿಂದ, ಮಲಬಾರಿನಿಂದ, ತಮಿಳು ನಾಡಿನಿಂದ ಜನರನ್ನು ತಂದರು. ಮುಂಗಡ ಪಡೆದವನು ಕೆಲಸ ಬಿಟ್ಟು, ಮ್ಯಾಜಿಸ್ಟ್ರೇಟರ ಮಾತಿಗೂ ಬಗ್ಗದಿದ್ದರೆ 1859ರ ಕಾನೂನು ಮೂರು ತಿಂಗಳವರೆಗೆ ಜೈಲು ತೋರಿಸುತ್ತಿತ್ತು. ಆ ಕಾನೂನನ್ನು 1925ರ ಕಾಯ್ದೆಯೊಂದು ರದ್ದು ಮಾಡಿತು. ಮುಂಗಡ ಹೋಗಲಿಲ್ಲ.

ತಲೆಮಾರುಗಳಿಂದ ಇಲ್ಲೇ ಬದುಕಿದ ಯರವರ ಕತೆಯೇನು? 1843ರಲ್ಲೇ ಕಾನೂನು ಗುಲಾಮಗಿರಿಗೆ ಮಾನ್ಯತೆ ಇಲ್ಲವೆಂದಿತು. ಜೀತ ಮಾತ್ರ ಒಡೆಯನ ಗದ್ದೆಯಿಂದ ತೋಟದ ಲೈನ್ ಮನೆಗೆ ನಡೆಯಿತು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲು ಕಿತ್ತಾಗ ಬಯಲಿಗೆ ಬಿದ್ದವರಲ್ಲಿ ಲೈನ್ ಮನೆ ಬಿಟ್ಟು ಬಂದವರೂ ಇದ್ದರು. ಊರಿನೋರಿಗೇ ಊರಿಲ್ಲ!

ಶಾಲೆಯ ಲೆಕ್ಕವೂ ಹೀಗೇ. ತೋಟದಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕನೇ ಓದಿನ ಏರ್ಪಾಟು ಮಾಡಬೇಕೆಂದು ಸರ್ಕಾರ ನಿಯಮ ಮಾಡಬಹುದು ಎಂದಿತು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ. 'ಮಾಡಬಹುದು'! ಹತ್ತು ಮಕ್ಕಳಿರುವ ಸಣ್ಣ ತೋಟ ಲೆಕ್ಕಕ್ಕೇ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ವಯಸ್ಸಿನ ದಾಖಲೆ ಇಲ್ಲ, ತಡವಾಗಿ ಬಂದೆ ಅಂತ ಯಾವ ಮಗುವನ್ನೂ ವಾಪಸು ಕಳಿಸುವಂತಿಲ್ಲ.

ಆದರೆ ಶಾಲೆ ಶುರುವಾಗೋದು ಜೂನ್ ಹೊತ್ತಿಗೆ. ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚಿನವರೆಗೆ. ಅರ್ಧ ಪಾಠ ಮುಗಿದ ಮೇಲೆ ಮಗು ಬರುತ್ತೆ, ಪರೀಕ್ಷೆ ಹೊತ್ತಿಗೆ ಹೊರಡುತ್ತೆ. ಹಾಜರಿ ಪುಸ್ತಕ 'ಗೈರು' ಅನ್ನುತ್ತೆ. ತೋಟಕ್ಕೆ ಬೇಕಾದದ್ದು ಅಪ್ಪ ಅಮ್ಮನ ಕೈ ಮಾತ್ರ. ಮಗುವಿನ ವರ್ಷ ಯಾರ ಲೆಕ್ಕದಲ್ಲೂ ಇಲ್ಲ.

ಮೇಷ್ಟ್ರೇ, ಅಕ್ಕೋರೇ, ಆ ಮಗುವಿನ ಹೆಸರನ್ನು ನೆಟ್ಟಗೆ ಕೂಗಿ. 'ಏ ಅಸ್ಸಾಂ' ಅನ್ನೋದು ನಮ್ಮಪ್ಪಂದಿರನ್ನು ಜಾತಿ ಹಿಡಿದು ಕೂಗಿದ ನಾಲಿಗೆಯ ಮರಿ. ಕನ್ನಡ ಬಾರದ ಮಗು ದಡ್ಡ ಅಲ್ಲ. ಯರವರ ಮಗುವೂ ಕೊಡವರ ಮಗುವೂ ಮನೆಯ ಬೇರೆ ಮಾತಿನಿಂದಲೇ ಕನ್ನಡಕ್ಕೆ ಬಂದವರು. ಅದರ ಮಾತು ಬಲ್ಲ ಜೊತೆಗಾರನನ್ನು ಪಕ್ಕ ಕೂರಿಸಿ. ಹೊರಡುವಾಗ ಕೇಳದಿದ್ದರೂ ವರ್ಗಾವಣೆ ಪತ್ರ ಕೈಗಿಡಿ. ಅದಿಲ್ಲದಿದ್ದರೂ ಮುಂದಿನ ಊರಿನ ಶಾಲೆ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಲೇಬೇಕು.

ಗೆಳೆಯರೇ, ಈ ಸುಗ್ಗಿಗೆ ಲೈನ್ ಮನೆಗಳಿಗೆ ಹೋಗಿ. ಕೂಲಿಯ ಲೆಕ್ಕ ಮೇಸ್ತ್ರಿ ಬರೆದಿರ್ತಾನೆ. ಮಕ್ಕಳ ಲೆಕ್ಕ ನಾವು ಬರೆಯೋಣ.