ಗೋಪುರದ ಲೆಕ್ಕ

ನಾಲ್ಕು ಪಾವಿಗೆ ಒಂದು ಸೇರು, ಎಂಟು ಸೇರಿಗೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಮ್ಮ ಕಡೆ ಹಳಬರು ಹೇಳುತ್ತಿದ್ದ ಲೆಕ್ಕ ಇದು. ಬೇರೆ ಕಡೆ ಬೇರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರಿಂದೂರಿಗೆ ಅಳತೆ ಬದಲಾಗುವುದನ್ನು ಬರೆದಿಟ್ಟಿದ್ದಾನೆ. ಆದರೆ ನಾವು ಹೇಳಹೊರಟಿರುವುದು ಒಂದೇ ಊರಲ್ಲಿ, ಒಂದೇ ಕೊಳಗ ಎರಡು ಬಗೆ ಅಳೆದ ಕಥೆ.

ಮನೆಯ ಮಡಕೆ ಬರಿದಾದಾಗ ನಮ್ಮ ಕೇರಿಯವರು ಧಣಿ ಮನೆಯಿಂದ ರಾಗಿ ಸಾಲ ತರುತ್ತಿದ್ದರು. ಸುಗ್ಗಿಗೆ ಒಂದಕ್ಕೆ ಒಂದೂವರೆ ವಾಪಸ್ಸು. ಇದು ಎಲ್ಲರಿಗೂ ಗೊತ್ತಿದ್ದ ಬಡ್ಡಿ. ಗೊತ್ತಿಲ್ಲದ್ದು ಇನ್ನೊಂದಿತ್ತು. ನಮ್ಮಜ್ಜಿ ಹೇಳೋದು: "ಕೊಡೋವಾಗ ಬಾಯ್ ಮ್ಯಾಲೆ ಕೈ ಆಡ್ತದೆ, ಈಸ್ಕೊಳ್ಳೋವಾಗ ಗೋಪುರ ಏಳ್ತದೆ."

ಆ ಗೋಪುರವನ್ನು ಅಳೆದು ನೋಡೋಣ. ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಹಾಕಬಹುದು. ಕೊಳಗದ ಬಾಯಿ ಹನ್ನೆರಡು ಅಂಗುಲ ಅಗಲ, ಎತ್ತರ ಆರು ಅಂಗುಲ ಅಂತ ಹಿಡಿಯಿರಿ. ವೃತ್ತಕ್ಕೆ ಮೂರರ ಲೆಕ್ಕ ಸಾಕು. ತಳ 3×6×6, ಅಂದರೆ 108. ಅದಕ್ಕೆ ಎತ್ತರ ಆರು ಗುಣಿಸಿದರೆ 648 ಘನ ಅಂಗುಲ. ಮೇಲಿನ ಗೋಪುರಕ್ಕೆ ಸೂತ್ರ 1150ರ ಸುಮಾರಿಗೆ ಭಾಸ್ಕರ ಬರೆದ ‘ಲೀಲಾವತಿ’ಯಲ್ಲೇ ಇದೆ: ಸುತ್ತಳತೆಯ ಆರನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ರಾಶಿಯ ಎತ್ತರದಿಂದ ಗುಣಿಸು. ಸಣ್ಣ ಕಾಳಿನ ರಾಶಿ ಸುತ್ತಳತೆಯ ಹನ್ನೊಂದನೇ ಒಂದು ಭಾಗದಷ್ಟು ಎತ್ತರ ನಿಲ್ಲುತ್ತದೆ ಎಂದೂ ಆತ ಹೇಳುತ್ತಾನೆ. ನಮ್ಮ ಕೊಳಗದ ಸುತ್ತಳತೆ 36 ಅಂಗುಲ. ಆತನ ಪ್ರಕಾರ ಗೋಪುರ ಮೂರು ಅಂಗುಲ ದಾಟುತ್ತದೆ. ನಾವು ಧಣಿಗೆ ಅನ್ಯಾಯ ಮಾಡುವುದು ಬೇಡ, ಮೂರೇ ಇರಲಿ! 6×6×3 ಅಂದರೆ 108. ಅಂದರೆ ಕೊಳಗದ ಆರನೇ ಒಂದು ಭಾಗ ಬಾಯಿಯ ಮೇಲೆ ನಿಂತಿದೆ.

ಈಗ ಸಾಲಕ್ಕೆ ಬನ್ನಿ. ತಂದದ್ದು ಬಾಯಿಸಮ ಒಂದು ಕೊಳಗ, ಎಂಟು ಸೇರು. ಮಾತಿನಂತೆ ಕೊಡಬೇಕಾದ್ದು ಹನ್ನೆರಡು. ಗೋಪುರ ಕಟ್ಟಿ ಅಳೆದಾಗ ಹನ್ನೆರಡರ ಆರನೇ ಒಂದು ಭಾಗ, ಎರಡು ಸೇರು, ಜೊತೆಗೆ ಹೋಯಿತು. ಎಂಟು ತಂದವರು ಹದಿನಾಲ್ಕು ಕೊಟ್ಟರು. ಬಾಯಲ್ಲಿ ಅರೆ ಬಡ್ಡಿ, ಕಣದಲ್ಲಿ ಮುಕ್ಕಾಲು. ಕುಕ್ಕಿ ಕುಕ್ಕಿ ತುಂಬಿಸಿದರೆ ಇನ್ನೂ ಹೆಚ್ಚು, ಅದನ್ನು ಯಾವ ಸೂತ್ರಕ್ಕೂ ಹಿಡಿಯಲಾಗದು. ಪಾತ್ರೆಯ ಬಾಯಿ ಅಗಲವಾದಷ್ಟೂ, ಎತ್ತರ ತಗ್ಗಿದಷ್ಟೂ ಗೋಪುರದ ಪಾಲು ಬೆಳೆಯುತ್ತದೆ. ಸಾಲ ವಸೂಲಿಗೆ ಅಗಲಬಾಯಿಯ ಪಾತ್ರೆ ಇಟ್ಟವನಿಗೆ ಕ್ಷೇತ್ರಗಣಿತ ಚೆನ್ನಾಗೇ ಬರುತ್ತಿತ್ತು.

ಭಾಸ್ಕರನ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಸಂಸ್ಕೃತ ಬಾರದವರಿಗೂ ಲೆಕ್ಕ ಸಿಕ್ಕಿತು ಅನ್ನೋಣವೇ? ಓಲೆ ಮುಟ್ಟಬಾರದವರ ಕೇರಿಗೆ ಅದು ಬರಲಿಲ್ಲ. ಕಾಲು, ಅರೆ, ಮುಕ್ಕಾಲು, ವೀಸದ ಮಗ್ಗಿಗಳನ್ನು ಕೂಲಿಮಠದಲ್ಲಿ ಬೇರೆಯವರ ಮಕ್ಕಳು ಬಾಯಿಪಾಠ ಮಾಡುತ್ತಿದ್ದಾಗ, ಅವರ ಹೊಲದ ರಾಗಿ ಬಡಿಯುತ್ತಿದ್ದವರು ನಮ್ಮವರು.

1956ರಲ್ಲಿ ತೂಕ ಅಳತೆಗಳ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಸೇರು ಹೋಗಿ ಲೀಟರು, ಕಿಲೋ ಬಂದವು, ಪಾತ್ರೆಗಳಿಗೆ ಸರ್ಕಾರಿ ಮುದ್ರೆ ಬಿತ್ತು. ಬಾಯಿ ಮೇಲಿನ ಗೋಪುರಕ್ಕೆ ಮುದ್ರೆ ಹೊಡೆಯೋದು ಹ್ಯಾಗೆ?

ಡಿಗ್ರಿ ಮುಗಿಸಿ ಊರಿಗೆ ಬಂದ ವರ್ಷ ಈ ಲೆಕ್ಕವನ್ನು ಇದ್ದಿಲಲ್ಲಿ ಜಗಲಿ ಮೇಲೆ ಬರೆದು ಅಜ್ಜಿಗೆ ತೋರಿಸಿದೆವು. ಅಜ್ಜಿ ಅಂಕಿ ನೋಡಲಿಲ್ಲ. "ಎರಡು ಸೇರಾ?" ಅಂದಳು. "ಮೂರು ದಿನದ ಹಿಟ್ಟು ಕಣಪ್ಪ."