ದೂರದ ಫೈಲು, ಹತ್ತಿರದ ಎಡಿಟರ್

ಸರ್ವರ್ ಎಲ್ಲೋ ಇರುತ್ತದೆ, ಅದರಲ್ಲಿರುವ ಫೈಲನ್ನು ತಿದ್ದಬೇಕಾದವರು ಇನ್ನೆಲ್ಲೋ ಕೂತಿರುತ್ತಾರೆ. ಫೈಲು ಇರುವಲ್ಲಿಗೇ ಹೋಗಿ ತಿದ್ದಬೇಕೋ, ಫೈಲನ್ನೇ ನಮ್ಮ ಎಡಿಟರಿಗೆ ತರಿಸಿಕೊಳ್ಳಬೇಕೋ? ಐವತ್ತು ವರ್ಷಗಳ ಜಗ್ಗಾಟ ಇದು.

1976ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ 'ವಿಐ' ಎಡಿಟರ್ ಬರೆಯುವಾಗ ಅವರು ಬಳಸುತ್ತಿದ್ದದ್ದು 300 ಬಾಡ್ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ! ಸಾಲಿಗೆ 80 ಅಕ್ಷರದಂತೆ 24 ಸಾಲಿನ ಪರದೆ ತುಂಬಲು ಒಂದು ನಿಮಿಷ ದಾಟುತ್ತಿತ್ತು. ವಿಐ ಕಮಾಂಡುಗಳೆಲ್ಲ ಯಾಕೆ ಒಂದೆರಡು ಅಕ್ಷರದವು ಎಂದು ಬೈದುಕೊಂಡವರು ಈ ಲೆಕ್ಕ ನೋಡಿ. 'ಡಿ' ಕೀಲಿಯನ್ನು ಎರಡು ಸಲ ಒತ್ತಿದರೆ ಇಡೀ ಸಾಲು ಮಾಯ. ತಂತಿಯ ಮೇಲೆ ಹೋಗುವ ಪ್ರತಿ ಅಕ್ಷರವೂ ದುಬಾರಿಯಾಗಿದ್ದ ಕಾಲ ಅದು.

ಫೈಲನ್ನು ತರಿಸಿಕೊಳ್ಳುವ ದಾರಿ ಅದಕ್ಕಿಂತ ಹಳೆಯದು. 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿಯ ಮೊದಲ ಕರಡು ಬರೆದವರು ಎಂಐಟಿಯಲ್ಲಿದ್ದ ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದ ವಿದ್ಯಾರ್ಥಿ ಅವರು. ಎಷ್ಟು ಜನಕ್ಕೆ ಗೊತ್ತು ಹೇಳಿ? ಆದರೆ ಇಳಿಸು, ತಿದ್ದು, ಮತ್ತೆ ಏರಿಸು... ಇದು ಬೇಸರದ ಕೆಲಸ. 1989ರಲ್ಲಿ ಆಂಡಿ ನಾರ್ಮನ್ ಬರೆದ 'ಆಂಜ್-ಎಫ್‌ಟಿಪಿ' ಇದನ್ನೆಲ್ಲ ಮರೆಮಾಡಿತು. ಈಮ್ಯಾಕ್ಸ್ ಎಡಿಟರಿನಲ್ಲಿ ಫೈಲಿನ ಹೆಸರಿನ ಮುಂದೆ ದೂರದ ಗಣಕದ ಹೆಸರು ಸೇರಿಸಿದರಾಯಿತು, ಫೈಲು ತೆರೆದುಕೊಳ್ಳುತ್ತಿತ್ತು. ಸೇವ್ ಮಾಡಿದರೆ ತಾನಾಗಿ ವಾಪಸು ಹೋಗುತ್ತಿತ್ತು.

ಈ ಸುಖಕ್ಕೆ ಬೆಲೆಯೂ ಇತ್ತು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳುವಾದ ಮೇಲೆ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಈಮ್ಯಾಕ್ಸಿಗೆ ಎಸ್‌ಎಸ್‌ಎಚ್ ಮೂಲಕ ಫೈಲು ತರುವ 'ಟ್ರ್ಯಾಂಪ್' ಕೆಲಸ 1998ರಲ್ಲಿ ಶುರುವಾಯಿತು. ಇನ್ನೊಂದು ತಾಪತ್ರಯ ಮಾತ್ರ ಉಳಿಯಿತು: ಇಬ್ಬರು ಒಂದೇ ಫೈಲಿನ ಪ್ರತಿ ಇಳಿಸಿಕೊಂಡು ತಿದ್ದಿದರೆ, ಕೊನೆಗೆ ಏರಿಸಿದವರ ಪ್ರತಿ ಮೊದಲಿನವರ ಕೆಲಸವನ್ನು ನುಂಗಿಬಿಡಬಹುದು.

ಕನ್ನಡ ಬರೆಯುವವರಿಗೆ ಮಾತ್ರ ಪ್ರತಿ ತರಿಸಿಕೊಳ್ಳುವುದೇ ವಾಸಿ ಎಂದು ನನ್ನ ಎಣಿಕೆ. ಟರ್ಮಿನಲ್ ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಅಳೆದಿಟ್ಟ ಚೌಕ. ನಮ್ಮ ಒತ್ತಕ್ಷರ, ಕೊಂಬುಗಳು ಅದರಲ್ಲಿ ಚೆಲ್ಲಾಪಿಲ್ಲಿ, ಕರ್ಸರ್ ಎಲ್ಲಿದೆಯೋ ದೇವರೇ ಬಲ್ಲ. ನಮ್ಮ ಗಣಕದ ಎಡಿಟರಾದರೆ ಅಕ್ಷರ ಬಿಡಿಸುವುದು ನಮ್ಮದೇ ಫಾಂಟು. ಹಾಗೆಂದು ಹಳೆಯ ನೋಟ್‌ಪ್ಯಾಡನ್ನು ಹೊಗಳಲಾರೆ. ಯುಟಿಎಫ್-8 ಎಂದು ಉಳಿಸಿದ ಫೈಲಿನ ತಲೆಗೆ ಅದು ಕಣ್ಣಿಗೆ ಕಾಣದ ಮೂರು ಬೈಟು ಅಂಟಿಸುತ್ತಿತ್ತು. ಪಿಎಚ್‌ಪಿ ಪುಟಗಳು ಅಷ್ಟಕ್ಕೇ ಕೆಡುತ್ತಿದ್ದವು. 2019ರಲ್ಲಿ ಆ ಚಾಳಿ ಬಿಟ್ಟಿತು.

ಅದೇ 2019ರಲ್ಲಿ ಮೈಕ್ರೋಸಾಫ್ಟಿನ ವಿಎಸ್ ಕೋಡ್ ಎಡಿಟರನ್ನೇ ಎರಡು ತುಂಡು ಮಾಡಿತು. ಪರದೆ, ಕೀಲಿಮಣೆಯ ಕೆಲಸ ಇಲ್ಲಿ, ಫೈಲು ಮುಟ್ಟುವ ಕೆಲಸ ಸರ್ವರಿನಲ್ಲಿ. ತೀರಾ ಹಳೆಯ, ಪುಟ್ಟ ಸರ್ವರುಗಳಲ್ಲಿ ಆ ತುಂಡು ಓಡುವುದಿಲ್ಲ. ಅಲ್ಲಿ ಈಗಲೂ ವಿಐ.